ಕಮಾನು: ಖಾಲಿ ಪಿಕಪ್ ಕುಣಿಯುವುದೇಕೆ, ಮೆತ್ತಗಾಗುವುದು ಹೇಗೆ

ಕಮಾನ್ ಅಂದರೆ ಪಾರ್ಸಿಯಲ್ಲಿ ಬಿಲ್ಲು. ಬಾಗಿಲ ಮೇಲಿನ ಕಮಾನೂ ಅಲ್ಲಿಂದಲೇ ಬಂದದ್ದು, ಪಿಕಪ್ಪಿನ ಹಿಂದಿನ ಆಕ್ಸಲ್ (ಎರಡು ಚಕ್ರ ಸೇರಿಸುವ ಅಚ್ಚು) ಮೇಲೆ ಕೂತ, ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗಾದ ಕಮಾನೂ ಅಲ್ಲಿಂದಲೇ. ಗ್ಯಾರೇಜಿನಲ್ಲಿ ಇಡೀ ಕಟ್ಟಿಗೆ ಕಮಾನು ಅಥವಾ ಲೀಫ್ ಸೆಟ್, ಒಂದೊಂದು ಪಟ್ಟಿಗೆ ಬ್ಲೇಡ್ ಅನ್ನುತ್ತಾರೆ. ಎರಡೂ ತುದಿಗೆ ಕಣ್ಣಿರುವ ಉದ್ದನೆಯದು ಮೇನ್ ಬ್ಲೇಡ್. ಅದರ ಮುಂದಿನ ಕಣ್ಣು ಚಾಸಿಗೆ ನೇರವಾಗಿ ಪಿನ್ ಆಗಿರುತ್ತದೆ, ಹಿಂದಿನದು ಶ್ಯಾಕಲ್ ಎಂಬ ಅಲುಗಾಡುವ ಕೊಂಡಿಯಲ್ಲಿ ತೂಗುತ್ತದೆ. ಭಾರ ಬಿದ್ದರೆ ಬಿಲ್ಲು ಚಪ್ಪಟೆಯಾಗಿ ಉದ್ದವಾಗುತ್ತದಲ್ಲ, ಆ ಉದ್ದಕ್ಕೆ ಜಾಗ ಬಿಡುವುದು ಶ್ಯಾಕಲ್.

ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಹೊತ್ತು ಮೆತ್ತಗೆ ಬಂದ ಗಾಡಿ, ಚೀಲ ಇಳಿಸಿ ಊರಿಗೆ ತಿರುಗಿದೊಡನೆ ಹಂಪು ಸಿಕ್ಕಲ್ಲೆಲ್ಲ ಎಗರುತ್ತದೆ. ಕಮಾನಿನ ಬಿಗಿ ಬದಲಾಗಿಲ್ಲ, ಮೇಲಿನ ಭಾರ ಬದಲಾಗಿದೆ. ಹಿಂದಿನ ಭಾರ ಕಾಲು ಪಾಲಿಗೆ ಇಳಿದರೆ ಕುಣಿತದ ವೇಗ ಎರಡು ಪಟ್ಟಾಗುತ್ತದೆ. ಸೊಂಟಕ್ಕೆ ಹೊಡೆಯುವುದು ಈ ಲೆಕ್ಕ.

ಇದಕ್ಕೆ ಎಲ್ಲರೂ ಮೊದಲು ಕೊಡುವ ಸಲಹೆ, ‘ಒಂದು ಬ್ಲೇಡ್ ತೆಗೆಸಿಬಿಡಿ’ ಅಂತ. ಅದನ್ನು ಕೊನೆಗಿಟ್ಟುಕೊಳ್ಳಿ.

ಮೊದಲು ಟೈರ್ ನೋಡಿ. ಫುಲ್ ಲೋಡಿಗೆ ಹೊಡೆಸಿದ ಗಾಳಿಯಲ್ಲೇ ತಿಂಗಳುಗಟ್ಟಲೆ ಖಾಲಿ ಓಡಿಸುವವರೇ ಹೆಚ್ಚು. ಗಾಡಿಯ ಮೇಲಿನ ಟೈರ್ ಗಾಳಿಯ ಸ್ಟಿಕ್ಕರಿನಲ್ಲಿ ಅಥವಾ ಕೈಪಿಡಿಯಲ್ಲಿ ಖಾಲಿ ಗಾಡಿಗೆ ಬೇರೆ ಅಂಕಿ ಕೊಟ್ಟಿದ್ದರೆ, ಟೈರ್ ತಣ್ಣಗಿರುವಾಗ ಅಷ್ಟಕ್ಕೆ ಇಳಿಸಿ. ಲೋಡ್ ಹಾಕುವ ಮುಂಚೆ ಮತ್ತೆ ಏರಿಸಲೇಬೇಕು, ಇಲ್ಲದಿದ್ದರೆ ಟೈರಿನ ಬದಿ ಕಾದು ಸಿಡಿಯುತ್ತದೆ.

ಆಮೇಲೆ ತುಕ್ಕು. ಬ್ಲೇಡುಗಳು ಒಂದರ ಮೇಲೊಂದು ಜಾರಬೇಕು. ತುಕ್ಕು ಹಿಡಿದ ಕಟ್ಟು ಸಣ್ಣ ಗುಂಡಿಗೆ ಬಾಗುವುದೇ ಇಲ್ಲ, ಒಂದೇ ಕಬ್ಬಿಣದ ತುಂಡಿನಂತೆ ಹೊಡೆತವನ್ನು ಸೀದಾ ಚಾಸಿಗೆ ದಾಟಿಸುತ್ತದೆ. ಚಾಸಿಯನ್ನು ಜಾಕಿನಿಂದೆತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಆಕ್ಸಲ್ ಜೋತುಬೀಳಲು ಬಿಟ್ಟರೆ ಬ್ಲೇಡುಗಳ ತುದಿ ಸ್ವಲ್ಪ ಬಾಯಿ ಬಿಡುತ್ತವೆ. ಅಲ್ಲಿ ತಂತಿ ಬ್ರಷ್ ಹಾಕಿ ಉಜ್ಜಿ, ಒಣ ಗ್ರಾಫೈಟ್ ಸ್ಪ್ರೇ ಹೊಡೆಯಿರಿ. ತುದಿಯ ನೈಲಾನ್ ಪ್ಯಾಡ್ ಸವೆದಿದ್ದರೆ ಬದಲಿಸಿ. ಹಳೇ ಎಂಜಿನ್ ಆಯಿಲ್ ಸುರಿಯುವ ಅಭ್ಯಾಸ ಮಾತ್ರ ಬೇಡ: ಚಳ್ಳಕೆರೆ, ಹಿರಿಯೂರು ಕಡೆಯ ಧೂಳು ಅದಕ್ಕೆ ಅಂಟಿ ಉಪ್ಪುಕಾಗದದ ಹಾಗೆ ಬ್ಲೇಡನ್ನೇ ತಿನ್ನುತ್ತದೆ, ಕಣ್ಣಿನೊಳಗೆ ಕೂತ ರಬ್ಬರ್ ಬುಷ್‌ಗೆ ತಾಗಿದರೆ ಬುಷ್ ಉಬ್ಬುತ್ತದೆ.

ಶ್ಯಾಕಲ್ ಬೋಲ್ಟ್ ಜಾಮ್ ಆಗಿದ್ದರೂ ಕಮಾನು ಬಿಗಿ. ಹೊಸ ರಬ್ಬರ್ ಬುಷ್ ಹಾಕಿದಾಗ ನಡೆಯುವ ತಪ್ಪೊಂದಿದೆ: ಆಕ್ಸಲ್ ನೇತಾಡುತ್ತಿರುವಾಗಲೇ ನಟ್ ಪೂರ್ತಿ ಬಿಗಿಯುವುದು. ಗಾಡಿ ಕೆಳಗಿಳಿದೊಡನೆ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ, ಬೇಗ ಹರಿಯುತ್ತದೆ. ಚಕ್ರ ನೆಲಕ್ಕೂರಿದ ಮೇಲೆ ಕೊನೆಯ ಬಿಗಿ ಕೊಡಬೇಕು.

ಇಷ್ಟಾದರೂ ಸಾಲದಿದ್ದರೆ ಬ್ಲೇಡ್ ವಿಚಾರ. ಕಟ್ಟಿನ ತಳದಲ್ಲಿ ದಪ್ಪಗೆ, ಹೆಚ್ಚುಕಡಿಮೆ ಸಪಾಟಾಗಿರುವ ಹೆಲ್ಪರ್ ಬ್ಲೇಡನ್ನು ಬಗ್ಗಿ ನೋಡಿ. ಖಾಲಿ ಗಾಡಿಯಲ್ಲಿ ಅದರ ತುದಿಗೂ ಮೇಲಿನದಕ್ಕೂ ಸಂದು ಕಂಡರೆ, ಅದಿನ್ನೂ ಕೆಲಸಕ್ಕೇ ಇಳಿದಿಲ್ಲ. ಅದನ್ನು ಕಿತ್ತರೆ ಖಾಲಿ ಓಟದಲ್ಲಿ ಏನೂ ಮೆತ್ತಗಾಗುವುದಿಲ್ಲ, ಹೊರುವ ತಾಕತ್ತು ಮಾತ್ರ ಹೋಗುತ್ತದೆ. ವಿಚಿತ್ರವೆಂದರೆ ಜನ ಮೊದಲು ಕೀಳಿಸುವುದು ಅದನ್ನೇ.

ಬ್ಲೇಡಿನ ಬಿಗಿ ನಿಂತಿರುವುದು ದಪ್ಪದ ಘನದ (ದಪ್ಪ × ದಪ್ಪ × ದಪ್ಪ) ಮೇಲೆ. ಅಗಲ, ಉದ್ದ ಒಂದೇ ಇದ್ದರೆ 10 ಮಿ.ಮೀ. ಬ್ಲೇಡೊಂದು 8 ಮಿ.ಮೀ.ನ ಎರಡಕ್ಕೆ ಹತ್ತಿರ ಹತ್ತಿರ ಸಮ. ಒಂದೇ ದಪ್ಪದ ಐದರಲ್ಲಿ ಒಂದು ತೆಗೆದರೆ ಬಿಗಿ ಸುಮಾರು 20% ಇಳಿಯುತ್ತದೆ, ಅದೇ ಲೋಡಿಗೆ ಉಳಿದ ನಾಲ್ಕರ ಮೇಲಿನ ಒತ್ತಡ 25% ಏರುತ್ತದೆ. ಆರ್‌ಸಿಯಲ್ಲಿ ಬರೆದ ತೂಕ ಹಾಗೇ ಉಳಿದಿರುತ್ತದೆ, ಅದನ್ನು ಹೊರುವ ಕಮಾನು ಉಳಿದಿರುವುದಿಲ್ಲ. ಅಡಿಕೆ, ಈರುಳ್ಳಿ ಸೀಸನ್ನಿನಲ್ಲಿ ಬಾಡಿಗೆ ಹೊಡೆಯುವ ಗಾಡಿಗೆ ಈ ಕೆಲಸ ಬೇಡವೇ ಬೇಡ. ಖಾಲಿ ಹೋಗುವಾಗ ಆಕ್ಸಲ್‌ಗಿಂತ ತುಸು ಮುಂದೆ 100 ಕೆ.ಜಿ. ಮರಳು ಚೀಲ ಜಾರದಂತೆ ಕಟ್ಟಿದರೆ ಸಾಕು.

ತೆಗೆಯುವುದೇ ಆದರೆ ಮೇನ್ ಬ್ಲೇಡನ್ನೂ ಅದರ ಕೆಳಗಿನದನ್ನೂ ಮುಟ್ಟಬೇಡಿ, ಮೇನ್ ಮುರಿದಾಗ ಆಸರೆ ಆ ಎರಡನೆಯದೇ. ಅವುಗಳ ಕೆಳಗಿನ ಒಂದನ್ನು, ಎರಡೂ ಬದಿಯಲ್ಲಿ ಅದೇ ಸ್ಥಾನದ್ದನ್ನು ತೆಗೆಯಿರಿ. ಕಟ್ಟು ತೆಳುವಾದಷ್ಟೂ ಅದನ್ನು ಆಕ್ಸಲ್‌ಗೆ ಬಿಗಿದಿಡುವ ಯು-ಬೋಲ್ಟಿನ ನಟ್ ಮೇಲೇರುತ್ತದೆ. ಥ್ರೆಡ್ ಮುಗಿದಲ್ಲಿ ನಟ್ ನಿಂತರೆ, ಕೈಗೆ ಬಿಗಿ ಅನ್ನಿಸಿದರೂ ಕಟ್ಟು ಸಡಿಲವಾಗಿಯೇ ಇರುತ್ತದೆ. ಆಗ ಬ್ಲೇಡುಗಳನ್ನು ನಡುವೆ ಪೋಣಿಸಿದ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಹಿಂದಕ್ಕೆ ಸರಿಯುತ್ತದೆ, ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ.

ಹಿಂಭಾಗ ತಗ್ಗಿದರೆ ಇನ್ನೊಂದು ತೊಂದರೆ. ಲೋಡ್ ನೋಡಿ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್ ಇದ್ದರೆ, ಅದರ ಕಡ್ಡಿ ಆಕ್ಸಲ್‌ಗೆ ಕಟ್ಟಿರುತ್ತದೆ. ತಗ್ಗಿದ ಗಾಡಿಯನ್ನು ವಾಲ್ವ್ ಲೋಡ್ ಗಾಡಿ ಎಂದುಕೊಳ್ಳುತ್ತದೆ, ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಲಾಕ್ ಆಗುತ್ತದೆ. ಕಡ್ಡಿಯನ್ನು ಮತ್ತೆ ಸೆಟ್ ಮಾಡಿಸಿ.

ಯು-ಬೋಲ್ಟ್ ಹೊಸದೇ ಹಾಕಿ, ನಾಲ್ಕೂ ನಟ್ಟನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಸುತ್ತಾ ಬನ್ನಿ. 500 ಕಿ.ಮೀ. ಓಡಿದ ಮೇಲೆ ಬಿಗಿ ಅಳೆಯುವ ಟಾರ್ಕ್ ರೆಂಚ್ ಮತ್ತೊಮ್ಮೆ ಹಾಕಿ. ದಾವಣಗೆರೆಯಿಂದ ಬೆಂಗಳೂರಿಗೆ ಒಂದು ಸಲ ಹೋಗಿಬಂದರೆ ಅಷ್ಟಾಗಿರುತ್ತದೆ.