ಚಿನ್ನದಿಂದ ಬೇರೆಯಾದ ಪಾದರಸ ಹೋಗುವುದೆಲ್ಲಿಗೆ?

ಪೆರು ದೇಶದ ಮಾದ್ರೆ ದೆ ದಿಯೋಸ್ ಪ್ರಾಂತ್ಯದಲ್ಲಿ ನದಿಯ ಮೆಕ್ಕಲನ್ನು ಜಾಲಿಸಿ ಚಿನ್ನ ತೆಗೆಯುವವರು ಕೊನೆಗೆ ಉಳಿದ ಕಪ್ಪು ಮರಳಿಗೆ ಪಾದರಸ ಸುರಿದು, ಡ್ರಮ್ಮಿನೊಳಗೆ ಇಳಿದು ಕಾಲಿನಿಂದಲೇ ತುಳಿದು ಕಲಸುತ್ತಾರೆ. ಹಿಟ್ಟಿನಷ್ಟು ನುಣುಪಾದ ಚಿನ್ನದ ಕಣಗಳೆಲ್ಲ ಪಾದರಸಕ್ಕೆ ಅಂಟಿಕೊಳ್ಳುತ್ತವೆ. ಅದನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿದಾಗ ಉಳಿಯುವ ಬೂದು ಉಂಡೆಯ ತೂಕದಲ್ಲಿ ಇನ್ನೂ ಸುಮಾರು ಅರ್ಧದಷ್ಟು ಪಾದರಸವೇ ಇರುತ್ತದೆ. ಉರಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಬೂದು ಅಳಿದು ಹಳದಿ ಮೂಡುತ್ತದೆ. ಸುತ್ತ ನಿಂತವರ ಕಣ್ಣೆಲ್ಲ ಆ ಹಳದಿಯ ಮೇಲೆ. ಹೋದ ಅರ್ಧ ತೂಕದ ಬಗ್ಗೆ ವಿಚಾರಿಸುವವರು ಕಡಿಮೆ.

ಪಾದರಸದ ಅಪಾಯವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಒಡೆದ ಥರ್ಮಾಮೀಟರು ಮತ್ತು ಅದರ ಗುಂಡನ್ನು ಮಗು ನುಂಗೀತೆಂಬ ಭಯ. ಲೋಹರೂಪದ ಪಾದರಸವನ್ನು ಕರುಳು ಹೀರಿಕೊಳ್ಳುವುದು ಅತ್ಯಲ್ಪ. ಅದೇ ಪಾದರಸ ಆವಿಯಾಗಿ ಉಸಿರಿನೊಡನೆ ಒಳಹೊಕ್ಕರೆ ಸುಮಾರು ಶೇ. 80ರಷ್ಟು ದೇಹದಲ್ಲೇ ಉಳಿದು, ಮಿದುಳನ್ನೂ ಮೂತ್ರಪಿಂಡವನ್ನೂ ತಲುಪಿ, ಕೈನಡುಕ, ನಿದ್ರಾಹೀನತೆ, ಮರೆವು, ಸಿಡಿಮಿಡಿತನಗಳಿಗೆ ಕಾರಣವಾಗುತ್ತದೆ. ಈ ಆವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಲವು ದೇಶಗಳಲ್ಲಿ ಈ ಉಂಡೆಯನ್ನು ಕಾಯಿಸುವುದು ಅಡುಗೆಮನೆಯ ಒಲೆಯ ಮೇಲೆ, ಮಕ್ಕಳು ಪಕ್ಕದಲ್ಲಿರುವಾಗಲೇ.

ಉಳಿದ ಆವಿ ಗಾಳಿಯಲ್ಲಿ ಸಾಗಿ, ಎಲೆಗಳಿಗೆ ಅಂಟಿ, ಮಳೆಯೊಡನೆ ಇಳಿದು ಕೆಸರನ್ನು ಸೇರುತ್ತದೆ. ಅಲ್ಲಿ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ನನ್ನನ್ನು ಅತಿಯಾಗಿ ಬೆರಗುಗೊಳಿಸಿದ್ದೂ ಹೆದರಿಸಿದ್ದೂ ಮುಂದಿನ ಹಂತ. ಈ ಸಂಯುಕ್ತವು ಸಿಸ್ಟೀನ್ ಎಂಬ ಅಮೈನೋ ಆಮ್ಲದೊಡನೆ ಕೂಡಿಕೊಂಡಾಗ, ದೇಹಕ್ಕೆ ಅತ್ಯಗತ್ಯವಾದ ಮೀಥಿಯೋನಿನ್‌ನಂತೆಯೇ ತೋರುತ್ತದೆ. ಮದುವೆಮನೆಗೆ ನೆಂಟರ ಕೈಹಿಡಿದು ಬಂದ ಅಪರಿಚಿತನನ್ನು ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ಹಾಗೆಯೇ, ಅನೇಕ ವಿಷಗಳನ್ನು ಹೊರಗೇ ನಿಲ್ಲಿಸುವ ಮಿದುಳಿನ ರಕ್ಷಣಾ ಪದರವೂ, ಗರ್ಭದಲ್ಲಿನ ಮಾಸುವೂ ಇದನ್ನು ತಾವಾಗಿಯೇ ಒಳಕ್ಕೆ ಸಾಗಿಸುತ್ತವೆ. ಆಹಾರ ಸರಪಳಿಯಲ್ಲಿ ಇದು ಚಕ್ರಬಡ್ಡಿಯ ಸಾಲದಂತೆ ಬೆಳೆಯುತ್ತದೆ: ಪಾಚಿಯಿಂದ ಹುಳಕ್ಕೆ, ಹುಳದಿಂದ ಮರಿಮೀನಿಗೆ, ಅದರಿಂದ ಬೇಟೆಮೀನಿಗೆ. ಮೀನಿನ ಮಾಂಸದ ಪ್ರೋಟೀನಿಗೇ ಅಂಟಿರುವುದರಿಂದ ಎಷ್ಟು ತೊಳೆದರೂ, ಹುಣಸೆಹುಳಿ ಹಾಕಿ ಕುದಿಸಿದರೂ, ಕರಿದರೂ ಅದು ಹೋಗುವುದಿಲ್ಲ.

ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಗುರುತಿಸಲಾದ ಕಾಯಿಲೆಗೆ ಕಾರಣವಾದದ್ದು ಗಣಿಯಲ್ಲ, ಕಾರ್ಖಾನೆಯ ತ್ಯಾಜ್ಯ. ವಿಷ ಮಾತ್ರ ಇದೇ ಮೀಥೈಲ್ ಪಾದರಸ. ಅಲ್ಲಿ ತಾಯಂದಿರಲ್ಲಿ ಲಕ್ಷಣಗಳು ಅಷ್ಟಾಗಿ ಕಾಣದಿದ್ದರೂ ಅವರ ಕೂಸುಗಳು ಮಿದುಳು ಮತ್ತು ನರಗಳ ತೀವ್ರ ಹಾನಿಯೊಡನೆ ಹುಟ್ಟಿದವು. ಮಾದ್ರೆ ದೆ ದಿಯೋಸ್‌ನಲ್ಲಿಯೂ ಚಿನ್ನವನ್ನು ಮುಟ್ಟದೆ ನದಿಯ ಮೀನನ್ನೇ ನಂಬಿ ಬದುಕುವ ಮೂಲನಿವಾಸಿ ಸಮುದಾಯಗಳಿಗೆ ಈ ವಿಷ ತಟ್ಟಿದೆ. 2016ರಲ್ಲಿ ಪೆರು ಸರ್ಕಾರ ಅಲ್ಲಿ 60 ದಿನಗಳ ತುರ್ತುಸ್ಥಿತಿಯನ್ನು ಘೋಷಿಸಬೇಕಾಯಿತು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಂತೆ, 2015ರಲ್ಲಿ ಮನುಷ್ಯರ ಚಟುವಟಿಕೆಗಳಿಂದ ಗಾಳಿಗೆ ಸೇರಿದ ಸುಮಾರು 2,220 ಟನ್ ಪಾದರಸದಲ್ಲಿ ಶೇ. 38ರಷ್ಟು ಇಂತಹ ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆಯಿಂದ ಬಂದದ್ದು. 2017ರಲ್ಲಿ ಜಾರಿಗೆ ಬಂದ ಮಿನಮಾಟ ಒಪ್ಪಂದವು ಉಂಡೆಯನ್ನು ಬಯಲಲ್ಲಿ ಸುಡುವುದನ್ನು ಕೊನೆಗಾಣಿಸಬೇಕೆನ್ನುತ್ತದೆ. ಅದಕ್ಕೆ ಬೇಕಾದ ರಿಟಾರ್ಟ್ ಸರಳ ಸಾಧನ: ಉಂಡೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ, ಆವಿಯನ್ನು ಕೊಳವೆಯಲ್ಲಿ ತಣಿಸಿದರೆ ಪಾದರಸದ ಬಹುಪಾಲು ಮರಳಿ ಕೈಸೇರುತ್ತದೆ. ಆದರೂ ಅನೇಕ ಗಣಿಗಾರರು ಅದನ್ನು ಒಪ್ಪಲಿಲ್ಲ. ಉಕ್ಕಿನ ಮುಚ್ಚಳದ ಕೆಳಗೆ ತಮ್ಮ ಚಿನ್ನ ಏನಾಗುತ್ತಿದೆಯೆಂಬುದು ಅವರಿಗೆ ಕಾಣುತ್ತಿರಲಿಲ್ಲ. ಹಳದಿ ಮೂಡುವುದು ಕಣ್ಣಿಗೆ ಬೀಳಲೆಂದೇ ಗಾಜಿನ ರಿಟಾರ್ಟುಗಳನ್ನೂ ತಯಾರಿಸಬೇಕಾಯಿತು.