ಕ್ಯಾರವಾನ್ ರ‍್ಯಾಲಿಯಲ್ಲಿ ಸಾಲಾಗಿ ಓಡಿಸಬೇಕೇ?

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ಹಳೆಯದೊಂದು ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ) ಕೊಂಡಿದ್ದೇವೆ. ಪಕ್ಕದ ಮನೆಯವರು ತಮ್ಮ ಕ್ಲಬ್ಬಿನ ರ‍್ಯಾಲಿಗೆ ಬನ್ನಿ ಅನ್ನುತ್ತಿದ್ದಾರೆ. ಅಷ್ಟೊಂದು ಗಾಡಿಗಳ ಸಾಲಿನಲ್ಲಿ ಓಡಿಸುವ ಅನುಭವ ನಮಗಿಲ್ಲ. ಹೋಗಬಹುದೇ?

ಧಾರಾಳವಾಗಿ ಹೋಗಿ. ಅಲ್ಲಿ ಸಾಲೇ ಇರುವುದಿಲ್ಲ.

ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ. ತಪ್ಪು ಕೇಳುವವರದ್ದಲ್ಲ, ಪದದ್ದು. ನಮಗೆ ರ‍್ಯಾಲಿ ಅಂದರೆ ಬೈಕ್ ರ‍್ಯಾಲಿ, ಚುನಾವಣಾ ರ‍್ಯಾಲಿ, ಇಲ್ಲವೇ ಧೂಳೆಬ್ಬಿಸುವ ಕಾರು ಪಂದ್ಯ. ಬ್ರಿಟನ್ನಿನ ಕ್ಯಾರವಾನ್ ಬಳಗದಲ್ಲಿ ರ‍್ಯಾಲಿ ಅಂದರೆ ಒಂದೆಡೆ ಸೇರುವುದು, ಅಷ್ಟೇ. ಒಬ್ಬ ರೈತನ ಹೊಲವನ್ನೋ ಶಾಲೆಯ ಮೈದಾನವನ್ನೋ ಎರಡು ಮೂರು ರಾತ್ರಿಗೆ ಪಡೆದು, ಸದಸ್ಯರು ತಮ್ಮ ತಮ್ಮ ಊರಿನಿಂದ ತಮ್ಮ ಪಾಡಿಗೆ ಬಂದು ತಂಗುತ್ತಾರೆ. ಕಾನೂನೂ ಇದನ್ನು ಹಾಗೇ ನೋಡುತ್ತದೆ. 1960ರ ಕ್ಯಾರವಾನ್ ತಾಣಗಳ ಕಾಯ್ದೆಯ ಪ್ರಕಾರ, ವಿನಾಯಿತಿ ಪತ್ರ ಪಡೆದ ಸಂಸ್ಥೆ ತನ್ನ ಸದಸ್ಯರ ಕೂಟಕ್ಕಾಗಿ ಐದು ದಿನ ಮೀರದಂತೆ ಜಾಗ ಬಳಸಿದರೆ ಆ ಜಾಗಕ್ಕೆ ಸೈಟ್ ಲೈಸೆನ್ಸ್ ಬೇಕಿಲ್ಲ. ಹೆಚ್ಚಿನ ರ‍್ಯಾಲಿಗಳು ಶುಕ್ರವಾರದಿಂದ ಭಾನುವಾರಕ್ಕೆ ಮುಗಿಯುವುದು ಈ ಮಿತಿಯೊಳಗೆ ಹಾಯಾಗಿ ಕೂರುತ್ತದೆ.

ಈ ತಪ್ಪು ಕಲ್ಪನೆಗೆ ಒಂದು ಎಳೆ ಸತ್ಯವೂ ಇದೆ. 1950–60ರ ದಶಕಗಳಲ್ಲಿ ಕ್ಯಾರವಾನ್ ಕಟ್ಟಿಕೊಂಡೇ ಚಾಲನಾ ಕೌಶಲ ಪರೀಕ್ಷಿಸುವ ರಸ್ತೆ ರ‍್ಯಾಲಿಗಳು ಬ್ರಿಟನ್ನಿನಲ್ಲಿ ನಡೆದಿವೆ. ವಾರಾಂತ್ಯದ ಕೂಟಕ್ಕೂ ಅದಕ್ಕೂ ಸಂಬಂಧವಿಲ್ಲ.

ಸಾಲಾಗಿ ಓಡಿಸುವುದು ಅನಗತ್ಯ ಮಾತ್ರವಲ್ಲ, ಕೆಟ್ಟ ಅಭ್ಯಾಸ. ಲೆಕ್ಕ ಹಾಕಿ ನೋಡಿ. ಕಾರು, ಕ್ಯಾರವಾನ್ ಸೇರಿ ಸುಮಾರು 12 ಮೀಟರ್ ಉದ್ದ. ಕ್ಯಾರವಾನ್ ಎಳೆಯುವ ಕಾರಿಗೆ ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 50 ಮೈಲಿ. ಆ ವೇಗದಲ್ಲಿ ಮೂರು ಸೆಕೆಂಡಿನ ಅಂತರ ಅಂದರೆ 67 ಮೀಟರ್. ಹತ್ತು ಗಾಡಿ ಸಾಲುಗಟ್ಟಿದರೆ ಮುಕ್ಕಾಲು ಕಿಲೋಮೀಟರಿಗೆ ಹತ್ತಿರ. ಹಿಂದಿನ ಲಾರಿಯವನು ಇಷ್ಟನ್ನೂ ದಾಟಲಾರ. ಒಂದನ್ನು ದಾಟಿ ನಡುವೆ ತೂರುತ್ತಾನೆ, ನಿಮ್ಮ ಅಂತರ ಅಲ್ಲಿಗೆ ಹೋಯಿತು. ಹೊಲದ ಗೇಟು ಇನ್ನೂ ಕಷ್ಟ: ಹಳ್ಳಿಯ ಕಿರುದಾರಿಯಲ್ಲಿ ಒಂದು ಗಾಡಿ ಒಳಗೆ ತಿರುಗುವಾಗ ಒಂಬತ್ತು ದಾರಿ ಕಟ್ಟಿ ನಿಂತಿರುತ್ತವೆ. ಹಾಗಾಗಿ ರ‍್ಯಾಲಿಯ ಸೂಚನೆಯಲ್ಲಿ ಎಷ್ಟು ಗಂಟೆಯ ನಂತರ, ಯಾವ ದಾರಿಯಿಂದ ಬರಬೇಕು ಎಂದು ಬರೆದಿರುತ್ತಾರೆ. ಜಿಪಿಎಸ್ ಬೇರೆ ದಾರಿ ತೋರಿಸಿದರೂ ಸೂಚನೆಯನ್ನೇ ನಂಬಿ.

ಗೇಟಿನಲ್ಲಿ ಮಾರ್ಷಲ್ ಸಿಗುತ್ತಾರೆ. ಅವರು ಸಂಬಳದವರಲ್ಲ, ನಿಮ್ಮಂತೆಯೇ ಸದಸ್ಯರು. 1907ರಲ್ಲಿ ಹುಟ್ಟಿದ ಕ್ಯಾರವಾನ್ ಕ್ಲಬ್ಬಿನಲ್ಲಿ (ಈಗ ಕ್ಯಾರವಾನ್ ಅಂಡ್ ಮೋಟರ್‌ಹೋಮ್ ಕ್ಲಬ್) ರ‍್ಯಾಲಿ ನಡೆಸುವ ಪ್ರಾದೇಶಿಕ ಗುಂಪಿಗೆ ಸೆಂಟರ್ ಎನ್ನುತ್ತಾರೆ. 1901ರ ಇನ್ನೊಂದು ಹಳೆಯ ಸಂಸ್ಥೆ ಕ್ಯಾಂಪಿಂಗ್ ಅಂಡ್ ಕ್ಯಾರವಾನಿಂಗ್ ಕ್ಲಬ್ಬಿನಲ್ಲಿ ಅದೇ ಡಿಸ್ಟ್ರಿಕ್ಟ್ ಅಸೋಸಿಯೇಷನ್. ಮಾರ್ಷಲ್ ತೋರಿಸಿದಲ್ಲೇ ನಿಲ್ಲಿಸಿ. ಎರಡು ಕ್ಯಾರವಾನ್‌ಗಳ ನಡುವೆ 6 ಮೀಟರ್ ಇರಬೇಕು. ನಡುವೆ ಕಾರು ನಿಲ್ಲಿಸಿದರೂ ಆನಿಂಗ್ (ಕ್ಯಾರವಾನ್ ಬದಿಯ ಬಟ್ಟೆಯ ಚಪ್ಪರ) ಕಟ್ಟಿದರೂ 3 ಮೀಟರ್ ಖಾಲಿ ಉಳಿಯಬೇಕು. ಬೆಂಕಿ ಹಾರದಿರಲೆಂದು ಈ ನಿಯಮ, ಇದರಲ್ಲಿ ಚೌಕಾಸಿ ಬೇಡ.

ಭಯಪಡುವುದೇ ಆದರೆ ರಸ್ತೆಗಲ್ಲ, ಕರೆಂಟಿಲ್ಲದ ಹೊಲಕ್ಕೆ ಸಿದ್ಧರಾಗದೆ ಹೋಗುವುದಕ್ಕೆ ಭಯಪಡಿ. ಸಾಮಾನ್ಯವಾಗಿ ಅಲ್ಲಿ ಸಿಗುವುದು ಕುಡಿಯುವ ನೀರಿನ ನಲ್ಲಿ ಮತ್ತು ಟಾಯ್ಲೆಟ್ ಕ್ಯಾಸೆಟ್ (ಕ್ಯಾರವಾನ್ ಶೌಚದ ಹೊರತೆಗೆಯುವ ತೊಟ್ಟಿ) ಖಾಲಿ ಮಾಡುವ ಜಾಗ, ಎರಡೇ. 100 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧದಷ್ಟನ್ನೇ ಬಳಸಿ, ಅದಕ್ಕಿಂತ ಇಳಿಸಿದರೆ ಬ್ಯಾಟರಿ ಬೇಗ ಸಾಯುತ್ತದೆ. ಎಲ್‌ಇಡಿ ದೀಪ, ನೀರಿನ ಪಂಪು, ಫೋನ್ ಚಾರ್ಜಿಗೆ ಎರಡು ರಾತ್ರಿ ಅಷ್ಟು ಸಾಕು. ಫ್ರಿಜ್ ಅನ್ನು ಗ್ಯಾಸಿಗೆ ಹಾಕಿ, ಕ್ಯಾರವಾನ್ ಸಮತಟ್ಟಾಗಿ ನಿಂತಿರಲಿ, ವಾಲಿದರೆ ಆ ಫ್ರಿಜ್ ತಣ್ಣಗಾಗುವುದಿಲ್ಲ. ಚಳಿಗಾಲಕ್ಕೆ ಪ್ರೊಪೇನ್ ಸಿಲಿಂಡರೇ ಬೇಕು. ಸೊನ್ನೆ ಡಿಗ್ರಿ ಹತ್ತಿರ ಬ್ಯೂಟೇನ್ ಅನಿಲವಾಗುವುದೇ ನಿಂತುಹೋಗುತ್ತದೆ. ಕ್ಯಾಸೆಟ್‌ಗೆ ಹಸಿರು ದ್ರಾವಣ ತನ್ನಿ, ಫಾರ್ಮಾಲ್ಡಿಹೈಡ್ ಇರುವ ನೀಲಿಯದು ರೈತನ ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ನೆಲ ಒದ್ದೆಯಾಗಿದ್ದರೆ ಚಕ್ರ ತಿರುಗಿಸಿ ಗುಂಡಿ ತೋಡಬೇಡಿ. ಜಾರತೊಡಗಿದ ಕೂಡಲೇ ನಿಲ್ಲಿಸಿ ಟ್ರಾಕ್ಟರ್ ಕೇಳಿ. ಕಾರನ್ನೇ ಎಳೆಸಿಕೊಳ್ಳಲು ಸಿಕ್ಕಿಸುವ ಕೊಂಡಿ ಯಾವ ಡಬ್ಬಿಯಲ್ಲಿದೆ ಎಂದು ಮನೆಯಲ್ಲೇ ನೋಡಿಕೊಂಡಿರಿ.

ಕೂಟದಲ್ಲಿ ಬೆಳಗಿನ ಕಾಫಿ, ಸಂಜೆ ಕ್ವಿಜ್, ರಾಫೆಲ್ (ಬಹುಮಾನದ ಚೀಟಿ ಎತ್ತುವ ಆಟ). ನಿಮ್ಮ ಕುರ್ಚಿ, ನಿಮ್ಮ ಲೋಟ ನೀವೇ ಒಯ್ಯಬೇಕು. ಎಲ್ಲರೂ ಒಂದೊಂದು ತಿನಿಸು ತರುವ ಊಟವಿದ್ದರೆ ಚಿತ್ರಾನ್ನ ಒಯ್ಯಿರಿ. ಆರಿದರೂ ರುಚಿ ಕೆಡದು, ಸಸ್ಯಾಹಾರಿಗಳಿಗೂ ಆಯಿತು. ಕಡಲೆಬೀಜ ಹಾಕಿದ್ದರೆ ಮಾತ್ರ ಚೀಟಿ ಬರೆದಿಡಿ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದು ವಿಷಯವಿದೆ. 1997ರ ನಂತರ ಬ್ರಿಟನ್ನಿನಲ್ಲಿ ಕಾರು ಪರೀಕ್ಷೆ ಪಾಸಾದವರು ಕೂಡ 2021ರ ಡಿಸೆಂಬರ್ 16ರಿಂದ ಬೇರೆ ಪರೀಕ್ಷೆ ಬರೆಯದೆ 3,500 ಕಿಲೋ ವರೆಗಿನ ಟ್ರೇಲರ್ ಎಳೆಯಬಹುದು. ಲೈಸೆನ್ಸ್ ಒಪ್ಪಿದ್ದನ್ನೆಲ್ಲ ನಿಮ್ಮ ಕಾರು ಎಳೆಯುತ್ತದೆ ಎಂದಲ್ಲ. ಕಾರಿನ ತಯಾರಕರು ಕೊಟ್ಟ ಮಿತಿ ಮೊದಲು. ಅದರೊಳಗೇ, ತುಂಬಿದ ಕ್ಯಾರವಾನ್ ತೂಕ ಖಾಲಿ ಕಾರಿನ ತೂಕದ ಶೇ. 85 ದಾಟದಿರುವುದು ಹೊಸಬರಿಗೆ ಕ್ಷೇಮ: 1,500 ಕಿಲೋ ಕಾರಿಗೆ 1,275. ಕ್ಯಾರವಾನ್‌ನ ಮೂಗು ಕೊಕ್ಕೆಯ ಮೇಲೆ ಒತ್ತುವ ಭಾರ ಅದರ ತೂಕದ ಶೇ. 5ರಿಂದ 7 ಇರಲಿ, ಕಾರಿನ ಹಿಂದಿನ ಎಳೆಯುವ ಕಂಬಿ, ಅಂದರೆ ಟೋಬಾರ್‌ನ ಮಿತಿ ಮೀರದಿರಲಿ. ಭಾರದ ಸಾಮಾನು ಚಕ್ರದ ಅಚ್ಚಿನ ಮೇಲೆ, ನೆಲಮಟ್ಟದಲ್ಲಿಡಿ. 40 ಲೀಟರಿನ ನೀರಿನ ಡ್ರಮ್ಮನ್ನು ಖಾಲಿಯಾಗಿಯೇ ಒಯ್ದು ಅಲ್ಲಿ ತುಂಬಿಸಿ. ಹಿಂಭಾಗ ಭಾರವಾದರೆ ಮೂಗು ಹಗುರಾಗಿ ಕ್ಯಾರವಾನ್ ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ. ಆಗ ಬ್ರೇಕ್ ಜೋರಾಗಿ ಒತ್ತಬೇಡಿ, ಸ್ಟಿಯರಿಂಗ್ ಎದುರುಬದುರು ತಿರುಗಿಸಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಿ. ಮುಂದೆ ಸಿಗುವ ಮೊದಲ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಸಾಮಾನು ಮತ್ತೆ ಜೋಡಿಸಿ.