ಆಮೆಗೆ ಬೇಲಿ, ಬೋರರ್‌ಗೆ ಟ್ರ್ಯಾಪ್

ಕೊಯ್ಲು ಮುಗಿದ ಕಾಫಿ ತೋಟ. ಸಕಲೇಶಪುರ ಕಡೆಯ ಬೆಳೆಗಾರರೊಬ್ಬರು ಕೇಳಿದರು: “ಹೊನ್ನಾವರದ ಕಡಲ ತೀರದಲ್ಲಿ ಆಮೆ ಮೊಟ್ಟೆಗೆ ಬೇಲಿ ಕಟ್ಟಿ ಕಾಯ್ತಾರೆ. ಇಲ್ಲಿ ನೀವು ಬೋರರ್ ಹುಳ ಕೊಲ್ಲಿ ಅಂತೀರಿ. ಎರಡೂ ಜೀವವೇ ಅಲ್ವಾ ಸಾರ್?”

ಒಂದಕ್ಕೆ ಬೆನ್ನುಮೂಳೆ, ಇನ್ನೊಂದಕ್ಕೆ ಆರು ಕಾಲು ಅನ್ನುವುದು ಶಾಲೆಯ ಉತ್ತರ. ಅದರಿಂದ ಅವರಿಗೇನೂ ಆಗಬೇಕಿಲ್ಲ. ಗಿಡದಲ್ಲಿ ಉಳಿದಿದ್ದ ಒಂದು ಕಾಯಿ ಕಿತ್ತು ಬ್ಲೇಡಿನಿಂದ ಸೀಳಿದೆ. ತುದಿಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು. ಒಳಗೆ ಪುಡಿ, ಬಿಳಿ ಮರಿಹುಳುಗಳು, ನಡುವೆ ಒಂದು ಕಪ್ಪು ದುಂಬಿ. ಒಂದೂವರೆ ಮಿಲಿಮೀಟರ್ ಇದ್ದೀತು. ಇದೇ ಕಾಯಿ ಕೊರಕ, ನಮ್ಮವರ ಬಾಯಲ್ಲಿ ಬೆರ್ರಿ ಬೋರರ್. ಮರದ ತೊಗಟೆ ಕೊರೆಯುವ ದುಂಬಿಗಳ ಬಳಗದ್ದೇ. ನಂಟರು ತೊಗಟೆಗೆ ಬಿದ್ದರು, ಇದು ಕಾಫಿ ಬೀಜಕ್ಕೆ ಬಿತ್ತು. ಆಫ್ರಿಕಾ ಮೂಲದ್ದು. ಭಾರತದಲ್ಲಿ ಮೊದಲು ಕಂಡಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ.

ಈ ತಾಯಿ ಒಮ್ಮೆ ಹೊಕ್ಕರೆ ಮರಿಗಳ ಜೊತೆಯೇ ಇರುತ್ತದೆ. ಹಾರಲು ಬೇಕಾದ ಸ್ನಾಯುಗಳೂ ಕರಗುತ್ತವೆ. ಹುಟ್ಟುವವರಲ್ಲಿ ಹತ್ತು ಹೆಣ್ಣಿಗೆ ಒಂದು ಗಂಡು. ಆ ಗಂಡಿಗೆ ಹಾರಲು ಬರುವುದಿಲ್ಲ. ಅಕ್ಕತಂಗಿಯರನ್ನೇ ಕೂಡಿ, ಹುಟ್ಟಿದ ಕಾಯಲ್ಲೇ ಸಾಯುತ್ತದೆ. ಅಂದರೆ ಹೊರಗೆ ಹಾರಿ ಬರುವ ಹೆಣ್ಣು ಹೆಚ್ಚುಕಮ್ಮಿ ಬಸುರಿಯೇ. ಇಷ್ಟು ಗಟ್ಟಿ ಸಂಸಾರ ನಾನು ಬೇರೆ ಹುಳದಲ್ಲಿ ಕಂಡಿದ್ದು ಕಡಿಮೆ!

ಹೊನ್ನಾವರದ ತೀರಕ್ಕೆ ಬರುವ ಆಲಿವ್ ರಿಡ್ಲೆ ಕಡಲಾಮೆಯದು ಇದರ ತಿರುಗುಮುರುಗು. ರಾತ್ರಿ ಮರಳಿಗೆ ಬಂದು, ಹಿಂಗಾಲಿನಿಂದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ ಹೊರಟರೆ ಮುಗಿಯಿತು. ಮುಂದಿನ 45–60 ದಿನ ಮರಳಿನ ಕಾವೇ ತಾಯಿ. ಕಾವು ಜಾಸ್ತಿಯಾದರೆ ಹೆಣ್ಣು, ತಂಪಾದರೆ ಗಂಡು. ಮೊಟ್ಟೆ ಕಂಡರೆ ಎತ್ತಿ ತಿರುಗಿಸಿ ನೋಡಬೇಡಿ, ಒಳಗಿನ ಮರಿ ಸಾಯಬಹುದು. ಅರಣ್ಯ ಇಲಾಖೆಗೆ ತಿಳಿಸಿ ಸಾಕು.

ಬೆಳೆಗಾರರ ಪ್ರಶ್ನೆಗೆ ಉತ್ತರ ಇರುವುದು ಇವೆರಡರ ಲೆಕ್ಕದಲ್ಲಿ. ಬೋರರ್ ಮೊಟ್ಟೆಯಿಂದ ದುಂಬಿಯಾಗಲು ಸುಮಾರು ಒಂದು ತಿಂಗಳು. ಆಮೆ ಮರಿ ಮೊಟ್ಟೆ ಇಡುವಷ್ಟು ಬೆಳೆಯಲು ಹತ್ತು ವರ್ಷಕ್ಕೂ ಜಾಸ್ತಿ ಬೇಕು. ಅಷ್ಟರಲ್ಲಿ ಏಡಿ, ನಾಯಿ, ಹದ್ದು, ಮೀನು ಎಲ್ಲಕ್ಕೂ ಪಾಲು ಹೋಗಿರುತ್ತದೆ. ಹಾಗಾಗಿ ಮೀನಿನ ಬಲೆಯಲ್ಲಿ ಉಸಿರುಗಟ್ಟಿದ ಒಂದು ಹೆಣ್ಣಾಮೆಯ ಜಾಗ ಬೇಗ ತುಂಬುವುದಿಲ್ಲ. ಬೋರರ್‌ಗೆ ಮಾತ್ರ ನೀವು ಮರೆತ ನಾಲ್ಕು ಕಾಯಿ ಸಾಕು, ಮುಂದಿನ ಫಸಲಿಗೆ ಹಾಜರ್.

“ಹಾಗಾದ್ರೆ ದುಂಬಿ ಹಿಡಿಯೋ ಟ್ರ್ಯಾಪ್ ಇನ್ನೊಂದಿಷ್ಟು ಕಟ್ಟಿಸ್ಲಾ?” ಅಂದರು.

ಕಟ್ಟಿಸಿ, ಬೇಡ ಅನ್ನಲ್ಲ. ಆದರೆ ಟ್ರ್ಯಾಪಿಗೆ ಬೀಳುವುದು ಹಾರುವ ಹೆಣ್ಣು ಮಾತ್ರ. ಕಾಯೊಳಗೆ ಕೂತಿರುವುದು ಬೀಳುತ್ತಾ? ಮೊದಲು ಗಿಡದಲ್ಲಿ ಉಳಿದದ್ದು, ನೆಲಕ್ಕೆ ಉದುರಿದ್ದು ಹೆಕ್ಕಿಸಿ ಎಂದೆ. ಅವರ ಕಾಲ ಬುಡದಲ್ಲೇ ಏಳೆಂಟು ಕಪ್ಪು ಕಾಯಿ ಬಿದ್ದಿದ್ದವು. ಬಗ್ಗಿ ಒಂದೊಂದೇ ಜೇಬಿಗೆ ಹಾಕಿಕೊಂಡರು.